ಗುದ್ದಿದ್ದು ನಾನೇ, ಕ್ಲೇಮ್ ಮಾಡಿದ್ದೂ ನಾನೇ: ಕಾರ್ ಇನ್ಶೂರೆನ್ಸ್‌ನ ನನ್ನ ಲೆಕ್ಕ

ತಪ್ಪು ನಮ್ಮದೇ ಆಗಿದ್ದರೆ ಇನ್ಶೂರೆನ್ಸ್ ಸಿಗುವುದಿಲ್ಲ ಅಂತ ಇನ್ನೂ ತುಂಬಾ ಜನ ಅಂದುಕೊಂಡಿದ್ದಾರೆ. ಸಿಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ (ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ) ಇದ್ದರೆ ನಿಮ್ಮ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಅದು ಬೇರೆ ಮಾತು. ಓನ್ ಡ್ಯಾಮೇಜ್, ಅಂದರೆ ನಮ್ಮದೇ ಕಾರಿನ ಹಾನಿಯ ಕವರ್, ಸೇರಿದ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಗುದ್ದಿದ್ದು ಯಾರು ಅನ್ನೋದು ಮುಖ್ಯ ಅಲ್ಲ. ಕುಡಿದಿರಬಾರದು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಪಾಲಿಸಿ ಲ್ಯಾಪ್ಸ್ ಆಗಿರಬಾರದು, ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿರಬಾರದು. ಅಷ್ಟೇ.

ನನಗಾಗಿದ್ದು ಇಷ್ಟು. ನಾಗರಬಾವಿ ಕಡೆ ರಿಂಗ್ ರೋಡಿನಲ್ಲಿ, ಮಳೆ ಬಿದ್ದ ಸಂಜೆ, ಮುಂದಿದ್ದ ಹಳದಿ ಬೋರ್ಡ್ ಟ್ಯಾಕ್ಸಿ ಬ್ರೇಕ್ ಹಾಕಿತು, ನನ್ನ ಕಾರು ಜಾರಿ ಅದರ ಹಿಂದಕ್ಕೆ ಹೊಡೆಯಿತು. ಹಿಂದಿನಿಂದ ಹೊಡೆದವನದೇ ತಪ್ಪು, ಅದರಲ್ಲಿ ವಾದ ಮಾಡೋಕೆ ಏನೂ ಇಲ್ಲ. ಯಾರಿಗೂ ಪೆಟ್ಟಾಗಿರಲಿಲ್ಲ. ಆಗಿದ್ದರೆ ಮುಂದೆ ಬರೆದಿರೋದು ಯಾವುದೂ ಅನ್ವಯಿಸುವುದಿಲ್ಲ: ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಅದು ಡ್ರೈವರ್‌ನ ಕರ್ತವ್ಯ, ಅಲ್ಲಿ ಕೈಗೆ ದುಡ್ಡು ಕೊಟ್ಟು ಮುಗಿಸೋ ಮಾತೇ ಇಲ್ಲ.

ಕಾರು ಪಕ್ಕಕ್ಕೆ ಹಾಕುವ ಮೊದಲೇ ಫೋಟೋ ತೆಗೆದೆ. ಎರಡೂ ನಂಬರ್ ಪ್ಲೇಟ್ ಒಂದೇ ಚಿತ್ರದಲ್ಲಿ ಬರುವ ಹಾಗೆ, ಎರಡೂ ಗಾಡಿ ನಿಂತ ಜಾಗ, ಒದ್ದೆ ರಸ್ತೆ, ಹತ್ತಿರದಿಂದ ಡ್ಯಾಮೇಜ್. ಟ್ಯಾಕ್ಸಿ ಡ್ರೈವರ್ ಇಳಿದು ಬಂದು ಹಿಂದೆ ನೋಡಿದವರೇ, "ಏನ್ ಸರ್ ಇದು, ಇವತ್ತಿನ ಟ್ರಿಪ್ ಎಲ್ಲಾ ಹೋಯ್ತು, ಹತ್ತು ಸಾವಿರ ಕೊಡಿ, ಮುಗಿಸಿಬಿಡೋಣ" ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ರಸ್ತೆಯಲ್ಲಿ ನಿಂತು ಹೇಳಿದ ಸಂಖ್ಯೆಗೆ ಯಾವ ಬುಡವೂ ಇರಲ್ಲ, ಅಲ್ವಾ? "ಅಣ್ಣಾ, ರಿಪೇರಿ ನಾನೇ ಮಾಡಿಸ್ತೀನಿ, ನೀವು ಹೇಳೋ ಟಿಂಕರಿಂಗ್ ಶಾಪ್‌ನಲ್ಲೇ ಮಾಡಿಸೋಣ" ಅಂದೆ. ಫೋನ್ ನಂಬರ್ ಕೊಟ್ಟೆ, ಅವರ ಆರ್‌ಸಿ ಫೋಟೋ ತಗೊಂಡೆ.

ಅವರ ನಷ್ಟಕ್ಕೆ ನನ್ನ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಕಾಗದದ ಮೇಲೆ ಕವರ್ ದೊಡ್ಡದೇ ಇದೆ, ಬೇರೆಯವರ ಆಸ್ತಿಗೆ ಆದ ಹಾನಿಗೆ ಖಾಸಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷದವರೆಗೆ. ಆದರೆ ಅದು ಸಿಗಬೇಕಾದರೆ ಪೊಲೀಸ್ ದೂರು, ಆಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಒಂದು ಬಂಪರಿಗೆ ಕೋರ್ಟ್ ಹತ್ತೋಕೆ ಟ್ಯಾಕ್ಸಿ ಡ್ರೈವರ್‌ಗೆ ಪುರುಸೊತ್ತು ಎಲ್ಲಿದೆ? ಅವರದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಬಹುದು, ಆದರೆ ನನ್ನ ತಪ್ಪಿಗೆ ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಸುಂಕದಕಟ್ಟೆಯ ಒಂದು ಶಾಪ್‌ನಲ್ಲಿ ಬಂಪರ್, ಡಿಕ್ಕಿ ಡೋರಿನ ತಗ್ಗು, ಪೇಂಟ್ ಎಲ್ಲಾ ಸೇರಿ ಹತ್ತು ಸಾವಿರಕ್ಕಿಂತ ತುಂಬಾ ಕಮ್ಮಿಯಲ್ಲೇ ಆಯಿತು. ದುಡ್ಡು ನೇರ ಶಾಪ್‌ಗೆ ಫೋನ್‌ಪೇ ಮಾಡಿದೆ, ಗಾಡಿ ನಿಂತ ದಿನದ ಬಾಡಿಗೆ ಅಂತ ಅವರ ಕೈಗೂ ಸ್ವಲ್ಪ ಕೊಟ್ಟೆ. ಎರಡೂ ಗಾಡಿ ನಂಬರ್ ಬರೆದು, ರಿಪೇರಿ ಆಗಿದೆ, ಇನ್ನು ಯಾವ ಬಾಕಿಯೂ ಇಲ್ಲ ಅಂತ ಒಂದು ಹಾಳೆಯಲ್ಲಿ ಸಹಿ ತಗೊಂಡೆ.

ಇಲ್ಲೊಂದು ಸೂಕ್ಷ್ಮ ಇದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡ್ತೀನಿ ಅಂತ ಮಾತು ಕೊಡಬಾರದು ಅಂತ ಪಾಲಿಸಿಯ ಷರತ್ತುಗಳಲ್ಲೇ ಇದೆ. ಅಂದರೆ ನೀವಾಗಿ ಎದುರಿನವರಿಗೆ ಕೊಟ್ಟ ದುಡ್ಡನ್ನು ಆಮೇಲೆ ಇನ್ಶೂರೆನ್ಸ್‌ನಿಂದ ಕೇಳೋಕೆ ಆಗುವುದಿಲ್ಲ. ನಾನು ಅದನ್ನು ನನ್ನ ಖರ್ಚು ಅಂತಲೇ ಬಿಟ್ಟೆ, ಕಂಪನಿಗೂ ಮುಚ್ಚಿಡದೆ ಹೇಳಿದೆ.

ಈಗ ನನ್ನ ಕಾರು. ಮೇಲ್ನೋಟಕ್ಕೆ ಬಂಪರ್ ಒಡೆದಿತ್ತು, ಬಾನೆಟ್ ತುದಿ ಸ್ವಲ್ಪ ಮಡಚಿತ್ತು. ಸರ್ವೀಸ್ ಸೆಂಟರ್‌ನ ಮೊದಲ ಎಸ್ಟಿಮೇಟ್ ಸುಮಾರು 12 ಸಾವಿರ. ಬಂಪರ್ 6, ಪೇಂಟ್ 4, ಲೇಬರ್ 2. ನನ್ನದು ನಾಲ್ಕನೇ ವರ್ಷದ ಕಾರು, ಝೀರೋ ಡೆಪ್ (ಭಾಗಗಳು ಹಳೆಯದಾಗಿವೆ ಅಂತ ದುಡ್ಡು ಕಡಿತ ಮಾಡದಿರೋಕೆ ಪಾಲಿಸಿಗೆ ಸೇರಿಸುವ ಹೆಚ್ಚಿನ ಕವರ್) ಇರಲಿಲ್ಲ. ಹಾಗಾಗಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ, ಅಂದರೆ 3 ಸಾವಿರ. ಪೇಂಟ್ ಬಿಲ್ಲಿನಲ್ಲಿ ನಾಲ್ಕನೇ ಒಂದು ಭಾಗ ಮೆಟೀರಿಯಲ್ ಅಂತ ಹಿಡಿದು ಅದರಲ್ಲಿ ಅರ್ಧ ಕಡಿತ, 500. ಇದರ ಜೊತೆಗೆ, 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಕೊಡಬೇಕಾದ 1,000. ಕಂಪನಿಯಿಂದ ಬರೋದು 7,500.

ಕಳೆದುಕೊಳ್ಳೋದು ಎಷ್ಟು? ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೆ ಅದು 20, 25, 35, 45, 50 ಪರ್ಸೆಂಟ್ ಅಂತ ಏರುತ್ತದೆ, ಒಂದು ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ನಲ್ಲಿ ಸೊನ್ನೆ. ನನಗೆ 35 ಇತ್ತು, ಮುಂದಿನ ಸಲ 45 ಆಗಬೇಕಿತ್ತು. ತುಂಬಾ ಜನ ಆ ಒಂದು ವರ್ಷದ ಲೆಕ್ಕ ಮಾತ್ರ ಹಾಕುತ್ತಾರೆ. ಏಣಿಯನ್ನು ಮತ್ತೆ ಕೆಳಗಿನಿಂದ ಹತ್ತಬೇಕಲ್ಲ, ಅದನ್ನೂ ಸೇರಿಸಿ ನೋಡಿ: 45 ಬದಲು 0, 50 ಬದಲು 20, 50 ಬದಲು 25, 50 ಬದಲು 35, 50 ಬದಲು 45. ವ್ಯತ್ಯಾಸ ಕೂಡಿದರೆ 120 ಪರ್ಸೆಂಟ್. ಬೋನಸ್ ಕಳೆಯುವ ಮೊದಲು ನನ್ನ ಓನ್ ಡ್ಯಾಮೇಜ್ ಪ್ರೀಮಿಯಂ ಹತ್ತಿರ ಹತ್ತಿರ 10 ಸಾವಿರ. ಅಲ್ಲಿಗೆ ನಷ್ಟ 12 ಸಾವಿರ, 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 14 ಸಾವಿರ. ವರ್ಷ ಕಳೆದಂತೆ ಕಾರಿನ ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಿಡಿಯುವ ಬೆಲೆ) ಇಳಿಯುವುದರಿಂದ ನಿಜವಾಗಿ ಸ್ವಲ್ಪ ಕಮ್ಮಿ ಆಗಬಹುದು. ಏನೇ ಆಗಲಿ, 7,500 ತಗೊಳ್ಳೋಕೆ ಅಷ್ಟು ಕಳೆದುಕೊಳ್ಳೋದು ದಡ್ಡತನ. ಕ್ಲೇಮ್ ಬೇಡ ಅನ್ನೋದೇ ಸರಿ ಅನ್ನಿಸುತ್ತಿತ್ತು.

ಆದರೆ ಬಂಪರ್ ಇನ್ನೂ ಬಿಚ್ಚಿರಲಿಲ್ಲ! ಮುಂದಿನಿಂದ ಹೊಡೆದ ಕಾರಿನಲ್ಲಿ ಅಸಲಿ ಖರ್ಚು ಇರೋದು ಒಳಗೆ. ಕಂಪನಿಗೆ ಹೇಳದೆ ಬಿಚ್ಚಿಸಿಬಿಟ್ಟರೆ ಆಮೇಲೆ ಸರ್ವೇಯರ್ (ಹಾನಿ ಎಷ್ಟು ಅಂತ ಅಂದಾಜು ಮಾಡೋಕೆ ಕಂಪನಿ ಕಳಿಸುವವರು) ತಕರಾರು ತೆಗೆಯುತ್ತಾರೆ. ಹೇಳಿದರೆ ಕ್ಲೇಮ್ ರಿಜಿಸ್ಟರ್ ಆಗುತ್ತದೆ, ಆಗಲೇ ಎನ್‌ಸಿಬಿ ಹೋಯಿತಾ ಅನ್ನೋ ಭಯ. ಇದಕ್ಕೆ ನಾನು ಮಾಡಿದ್ದು, ಅಪಘಾತದ ದಿನವೇ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಂಡೆ, ಜೊತೆಗೇ ಒಂದು ಇಮೇಲ್: ದುಡ್ಡು ಪಡೆಯುವ ಮೊದಲು ಕ್ಲೇಮ್ ವಾಪಸ್ ತಗೊಂಡರೆ ಎನ್‌ಸಿಬಿ ಉಳಿಯುತ್ತದಾ? ಉಳಿಯುತ್ತದೆ ಅಂತ ಉತ್ತರ ಬಂತು. ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು, ಅದಕ್ಕೇ ಫೋನಿನಲ್ಲಿ ಕೇಳಿ ಸುಮ್ನೆ ಇರಬೇಡಿ, ಬರಹದಲ್ಲಿ ತಗೊಳ್ಳಿ. ಇನ್ನೊಂದು, ಅಷ್ಟರವರೆಗೆ ಆ ಕಾರನ್ನು ಓಡಿಸಬೇಡಿ. ರಿಪೇರಿಗೆ ಮೊದಲು ಓಡಿಸಿ ಹಾನಿ ಜಾಸ್ತಿಯಾದರೆ ಅದು ನಿಮ್ಮ ತಲೆ ಮೇಲೆ.

ಸರ್ವೇಯರ್ ಬಂದು ನೋಡಿ, ಬಿಚ್ಚಿ ಅಂದರು. (50 ಸಾವಿರದೊಳಗಿನ ಕ್ಲೇಮಿಗೆ ಲೈಸೆನ್ಸ್ ಇರುವ ಸರ್ವೇಯರ್ ಬರಲೇಬೇಕು ಅಂತಿಲ್ಲ, ಕೆಲವು ಸಲ ವಿಡಿಯೋದಲ್ಲೇ ನೋಡಿ ಮುಗಿಸುತ್ತಾರೆ.) ಬಂಪರ್ ತೆಗೆದಾಗ ಹೆಡ್‌ಲೈಟಿನ ಕಿವಿ ಮುರಿದಿತ್ತು, ಗ್ರಿಲ್ ಸೀಳಿತ್ತು, ಎಸಿ ಕಂಡೆನ್ಸರ್ ಒಳಕ್ಕೆ ಬಾಗಿ ಗ್ಯಾಸ್ ಹೋಗಿತ್ತು. ಎಸ್ಟಿಮೇಟ್ 41 ಸಾವಿರಕ್ಕೆ ಏರಿತು. ಸೆಂಟರ್‌ನವರು ಬಾನೆಟ್ಟನ್ನೂ ಹೊಸದು ಹಾಕೋಣ ಅಂತಿದ್ದರು, ಸರ್ವೇಯರ್ ಒಪ್ಪಲಿಲ್ಲ, ತಟ್ಟಿ ಸರಿ ಮಾಡಿ ಅಂದರು. ಅಲ್ಲಿನ ಹಿರಿಯ ಟಿಂಕರ್ ಕೂಡ, "ಒರಿಜಿನಲ್ ಶೀಟ್ ಇರ್ಲಿ ಬಿಡಿ ಸರ್, ಲೈನ್‌ಗೆ ಬರುತ್ತೆ" ಅಂದರು. ಬಂತು.

ಪ್ಲಾಸ್ಟಿಕ್ ಒಟ್ಟು 18 ಸಾವಿರ, ಅರ್ಧ ನನ್ನದು, 9,000. ಕಂಡೆನ್ಸರ್ 8 ಸಾವಿರ, ಮೂರರಿಂದ ನಾಲ್ಕು ವರ್ಷದ ಕಾರಿನ ಲೋಹದ ಭಾಗಕ್ಕೆ 25 ಪರ್ಸೆಂಟ್ ಕಡಿತ, 2,000. ಪೇಂಟ್ 8 ಸಾವಿರದಲ್ಲಿ 1,000. ಲೇಬರ್ 6 ಸಾವಿರಕ್ಕೆ ಕಡಿತ ಇಲ್ಲ. ಎಸಿ ಗ್ಯಾಸ್, ಕ್ಲಿಪ್‌ಗಳು ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿದರೆ ಮುಗಿಯುವ ಸಾಮಾನು) ಅಂತ ಪೂರ್ತಿ ನನ್ನ ತಲೆಗೆ, 1,000. ಕಡ್ಡಾಯದ್ದು ಇನ್ನೊಂದು ಸಾವಿರ. ನನ್ನ ಜೇಬಿನಿಂದ 14 ಸಾವಿರ, ಕಂಪನಿಯದು 27 ಸಾವಿರ. ಎನ್‌ಸಿಬಿ ನಷ್ಟ ಕಳೆದರೂ 13 ಸಾವಿರ ಉಳಿಯುತ್ತದೆ. ಕ್ಲೇಮ್ ಮುಂದುವರಿಸಿ ಅಂದೆ.

ಕ್ಲೇಮ್ ಫಾರ್ಮ್ ತುಂಬುವಾಗ ಅಡ್ವೈಸರ್ ಒಬ್ಬರು, "ನಾಯಿ ಅಡ್ಡ ಬಂತು, ಪಿಲ್ಲರ್‌ಗೆ ಹೊಡೀತು ಅಂತ ಬರೀರಿ ಸರ್, ಬೇಗ ಪಾಸ್ ಆಗುತ್ತೆ" ಅಂದರು. ಯಾಕೆ ಬೇಕು? ನಿಜ ಹೇಳಿದರೂ ಸಿಗುವ ದುಡ್ಡಿಗೆ ಸುಳ್ಳು ಬರೆದು, ಟ್ಯಾಕ್ಸಿಯ ಹಳದಿ ಬಣ್ಣ ಅಂಟಿದ ನಂಬರ್ ಪ್ಲೇಟನ್ನು ಸರ್ವೇಯರ್ ನೋಡಿದರೆ ಕ್ಲೇಮೇ ರಿಜೆಕ್ಟ್. ಮಳೆ, ಮುಂದಿನ ಗಾಡಿ ನಿಂತಿತು, ನನ್ನ ಬ್ರೇಕ್ ಹಿಡಿಯಲಿಲ್ಲ, ತಾಗಿತು. ಅಷ್ಟನ್ನೇ ಬರೆದೆ. ಓಡಿಸುತ್ತಿದ್ದವರ ಹೆಸರೂ ಹಾಗೇ. ಮಗ ಓಡಿಸಿದ್ದರೆ ಮಗನ ಹೆಸರು, ಮಗನ ಲೈಸೆನ್ಸ್.

ಕ್ಯಾಶ್‌ಲೆಸ್ ಆಗಿದ್ದರಿಂದ ಕಂಪನಿಯ ಡಿಒ (ಡೆಲಿವರಿ ಆರ್ಡರ್, ತನ್ನ ಪಾಲನ್ನು ನೇರ ಸೆಂಟರ್‌ಗೆ ಕೊಡ್ತೀನಿ ಅನ್ನೋ ಒಪ್ಪಿಗೆ ಪತ್ರ) ಬಂದ ಮೇಲೆ ನನ್ನ ಪಾಲು ಕಟ್ಟಿ ಕಾರು ತಂದೆ. ಕಡಿತದ ಪಟ್ಟಿಯನ್ನು ಪ್ರತಿ ಸಾಲಿಗೆ ವಿವರದ ಸಮೇತ ಕೇಳಿ ಪಡೆಯಿರಿ, ಕೊಡಲೇಬೇಕು. ನನಗೆ ಜಗಳ ಬರಲಿಲ್ಲ. ಬಂದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ಇನ್ಶೂರೆನ್ಸ್ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಬೀಮಾ ಭರೋಸಾ ಪೋರ್ಟಲ್. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಗ್ರಾಹಕರು ಮತ್ತು ಕಂಪನಿಯ ನಡುವಿನ ತಕರಾರು ತೀರ್ಮಾನಿಸುವವರು) ಆಫೀಸ್ ಇದೆ, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.

ರಿನ್ಯೂವಲ್ ಸಮಯದಲ್ಲಿ ಒಬ್ಬ ಏಜೆಂಟ್, ಬೇರೆ ಕಂಪನಿಗೆ ಹೋಗಿ ಎನ್‌ಸಿಬಿ 45 ಅಂತ ಹಾಕಿಬಿಡೋಣ, ಯಾರು ನೋಡ್ತಾರೆ ಅಂದರು. ಹೊಸ ಕಂಪನಿ ಹಳೆಯದನ್ನು ಕೇಳುತ್ತದೆ, ಸುಳ್ಳು ಅಂತ ಗೊತ್ತಾದರೆ ಓನ್ ಡ್ಯಾಮೇಜ್ ಕವರೇ ಹೋಗುತ್ತದೆ. ಸೊನ್ನೆ ಅಂತಲೇ ಹಾಕಿಸಿದೆ. ಪ್ರೀಮಿಯಂ ಹೇಗಿದ್ದರೂ ಏರಿತ್ತು, ಅದರ ಜೊತೆಗೆ ಝೀರೋ ಡೆಪ್ ಮತ್ತು ಕನ್ಸ್ಯೂಮಬಲ್ಸ್ ಎರಡನ್ನೂ ಸೇರಿಸಿದೆ. ಐದು ವರ್ಷ ದಾಟಿದ ಕಾರಿಗೆ ಝೀರೋ ಡೆಪ್ ಕೊಡೋಕೆ ಹಲವು ಕಂಪನಿಗಳು ಹಿಂದೆ ಮುಂದೆ ನೋಡುತ್ತವೆ, ನನ್ನ ಕಾರಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು.