ಅಂಗಳದ ಸೈಕಸ್ ಮತ್ತು ನಾಯಿಯ ಯಕೃತ್ತು: ಪಶುವೈದ್ಯನಾಗಿ ನನ್ನ ಅನುಭವ

ನಾಯಿ ನಿಲ್ಲದೆ ವಾಂತಿ ಮಾಡುತ್ತಿದೆ ಎಂದು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಫೋನ್ ಬಂದರೆ ಈಗ ನಾನು ಮೊದಲು ಕೇಳುವುದು, "ಅಂಗಳದಲ್ಲಿ ಸೈಕಸ್ ಉಂಟಾ?" ಎಂದು. ಹೊಸದಾಗಿ ಟೆರೇಸು ಮನೆ ಕಟ್ಟಿದವರಲ್ಲಿ ಬಹಳ ಮಂದಿ ಗೇಟಿನ ಎರಡೂ ಬದಿಗೆ ತಾಳೆಯಂತೆ ಕಾಣುವ ಈ ಗಿಡ ಇಟ್ಟಿದ್ದಾರೆ. ಜಪಾನಿನ ದಕ್ಷಿಣ ಭಾಗದಿಂದ ಬಂದ ಸೈಕಸ್ ರೆವೊಲ್ಯೂಟಾ. ನೋಡಲು ಚಂದ, ಆರೈಕೆಯೂ ಹೆಚ್ಚು ಬೇಡ. ಆದರೆ ಎಲೆ, ಬೇರು, ಕಾಂಡ ಎಲ್ಲವೂ ವಿಷ. ಬೀಜದಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದೆರಡು ಬೀಜ ಅಗಿದರೂ ನಾಯಿ ಸಾಯಬಹುದು.

ಇದರ ಹತ್ತಿರದ ಬಂಧು ಪಶ್ಚಿಮ ಘಟ್ಟದ್ದೇ ಆದ ಸೈಕಸ್ ಸರ್ಸಿನಾಲಿಸ್, ಮಲಯಾಳದಲ್ಲಿ ಈಂದ್ ಎನ್ನುವ ಮರ. ಅದರ ಬೀಜ ಹಸಿಯಾಗಿ ತಿನ್ನುವಂಥದ್ದಲ್ಲ ಎಂದು ಹಳಬರಿಗೆ ಚೆನ್ನಾಗಿ ಗೊತ್ತು. ಒಡೆದು, ಒಣಗಿಸಿ, ಮತ್ತೆ ಮತ್ತೆ ನೀರು ಬದಲಿಸಿ ನೆನೆಹಾಕಿದ ಮೇಲೆಯೇ ಹಿಟ್ಟು ಮಾಡುತ್ತಿದ್ದರು. ಗೇಟಿನ ಬಳಿಯ ಗಿಡದಲ್ಲೂ ಅದೇ ವಿಷ ಇದೆ ಎಂದು ಮಾತ್ರ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ವಿಷದ ಹೆಸರು ಸೈಕಾಸಿನ್. ಬೀಜದೊಳಗೆ ಅದು ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ, ಹಾಗಿರುವಷ್ಟು ಹೊತ್ತು ಅಪಾಯವಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಕಳಚಿದಾಗ ಮೀಥೈಲ್‌ಅಜಾಕ್ಸಿಮೆಥನಾಲ್ ಬಿಡುಗಡೆಯಾಗುತ್ತದೆ, ಯಕೃತ್ತನ್ನು ಕೊಲ್ಲುವುದು ಅದು. 1960ರ ದಶಕದಲ್ಲಿ, ಕರುಳಿನಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೈಕಾಸಿನ್ ತಿನ್ನಿಸಿ ನೋಡಿದ್ದರು. ಅವಕ್ಕೆ ತೊಂದರೆಯಾಗಲಿಲ್ಲ. ನನ್ನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ: ಬೀಜದ ಚೂರು ಹೊಟ್ಟೆಯಲ್ಲೇ ಇರುವಾಗ ಹೊರಗೆ ತೆಗೆದರೆ ಆ ಚೂರಿನಿಂದ ವಿಷ ಹುಟ್ಟುವುದಿಲ್ಲ.

ನೀರ್ಚಾಲು ಹತ್ತಿರದ ಒಂದು ಮನೆಯ ಲ್ಯಾಬ್ರಡಾರ್ ನೆನಪಾಗುತ್ತದೆ. "ಡಾಕ್ಟ್ರೇ, ಕೆಂಪು ಕಾಯಿ ಹಿಡ್ಕೊಂಡು ಆಡ್ತಾ ಇತ್ತು, ಈಗ ನೋಡಿದ್ರೆ ಸಿಪ್ಪೆ ಮಾತ್ರ ಉಂಟು" ಎಂದರು ಆ ಮನೆಯ ಅಕ್ಕ. ಉಪ್ಪುನೀರು ಕುಡಿಸಬೇಡಿ, ಉಳಿದ ಸಿಪ್ಪೆ ಕಟ್ಟಿಕೊಂಡು ತಕ್ಷಣ ಬನ್ನಿ ಎಂದೆ. (ಉಪ್ಪು ಹೆಚ್ಚಾದರೆ ನಾಯಿಗೆ ಅದೇ ಇನ್ನೊಂದು ವಿಷ.) ವಾಂತಿ ಮಾಡಿಸಿದಾಗ ಬೀಜದ ಚೂರುಗಳು ಬಂದವು. ಆಮೇಲೆ ಹೊಟ್ಟೆಯಲ್ಲಿ ಉಳಿದ ವಿಷ ಹೀರುವ ಸಕ್ರಿಯ ಇದ್ದಿಲು ಕೊಟ್ಟು ಡ್ರಿಪ್ ಹಾಕಿದೆ. ಮರುದಿನ ನಾಯಿ ಬಾಲ ಆಡಿಸುತ್ತಾ ಗಂಜಿ ಕುಡಿಯಿತು. ಇನ್ನು ಮನೆಗೆ ಕರೆದುಕೊಂಡು ಹೋಗ್ತೇವೆ ಎಂದರು.

ಈ ಘಟ್ಟದಲ್ಲೇ ನಾನು ಹಟ ಹಿಡಿಯುವುದು. ವಾಂತಿ ಮೊದಲ ದಿನವೇ ಶುರುವಾಗುತ್ತದೆ, ಯಕೃತ್ತಿನ ಪೆಟ್ಟು ಕಾಣಲು ಎರಡು ಮೂರು ದಿನ ಬೇಕು. ನಡುವೆ ನಾಯಿ ಗೆದ್ದ ಹಾಗೆ ತೋರಬಹುದು. ಅದಕ್ಕೇ ದಿನವೂ ರಕ್ತ ತೆಗೆದು, ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ, ಬಿಲಿರುಬಿನ್ ನೋಡುತ್ತೇನೆ, ರಕ್ತ ಹೆಪ್ಪುಗಟ್ಟುವ ಸಮಯವನ್ನೂ ನೋಡುತ್ತೇನೆ. ಈ ನಾಯಿಯ ಎಎಲ್‌ಟಿ ನಿಜಕ್ಕೂ ಏರಿತು. ಸೈಕಾಸಿನ್ನಿಗೆ ಪ್ರತಿವಿಷ ಇಲ್ಲ, ಯಕೃತ್ತು ಚೇತರಿಸಿಕೊಳ್ಳುವ ತನಕ ಡ್ರಿಪ್, ವಾಂತಿ ತಡೆಯುವ ಔಷಧ, ಯಕೃತ್ತನ್ನು ಕಾಪಾಡುವ ಅಸೆಟೈಲ್‌ಸಿಸ್ಟೀನ್, ಸಿಲಿಮರಿನ್, ಅಗತ್ಯ ಬಿದ್ದರೆ ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಕೊಟ್ಟು ಕಾಯಬೇಕು. ಅದು ಬದುಕಿತು. ಒಸಡು ಹಳದಿಯಾಗಿ, ಮಲದಲ್ಲಿ ರಕ್ತ ಬಂದ ಮೇಲೆ ತಂದ ಇನ್ನೊಂದು ಮನೆಯ ನಾಯಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅಮೆರಿಕದಲ್ಲಿ 1987ರಿಂದ 1997ರ ವರೆಗಿನ 60 ನಾಯಿಗಳ ದಾಖಲೆ ನೋಡಿದಾಗಲೂ ಸುಮಾರು ಮೂರರಲ್ಲಿ ಒಂದು ಸತ್ತಿತ್ತು.

ದನಗಳಲ್ಲಿ ಕಥೆ ಬೇರೆ. ಆಸ್ಟ್ರೇಲಿಯಾದಲ್ಲಿ ಸೈಕಡ್ (ಸೈಕಸ್ ಸೇರಿರುವ ಗಿಡಗಳ ಗುಂಪು) ಎಲೆ ಮೇಯುವ ದನಗಳಿಗೆ ಬೆನ್ನುಹುರಿಯ ನರಗಳು ಹಾಳಾಗಿ ಹಿಂಗಾಲು ತೂರಾಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ನಮ್ಮಲ್ಲಿ ದನ ತಾನಾಗಿ ಹೋಗಿ ಇದನ್ನು ಮೇಯುವುದು ಕಡಿಮೆ. ನನ್ನ ಹೆದರಿಕೆ ಇರುವುದು ಮದುವೆ ಚಪ್ಪರಕ್ಕೆ ಕಟ್ಟಿದ ಸೈಕಸ್ ಎಲೆಗಳ ಮೇಲೆ. ಮದುವೆ ಮುಗಿದ ಮೇಲೆ ಅವು ಹಟ್ಟಿಯ ಸೊಪ್ಪಿನೊಟ್ಟಿಗೆ ಸೇರಬಾರದು. ಈಂದಿನ ಬೀಜ ನೆನೆಸಿದ ನೀರು ಅಕ್ಕಚ್ಚಿನ ಬಾಲ್ದಿಗೆ ಬೀಳಲೇಬಾರದು, ಏಕೆಂದರೆ ಬೀಜದಿಂದ ಬಿಟ್ಟುಹೋದ ವಿಷ ಇರುವುದು ಆ ನೀರಿನಲ್ಲೇ.

ಹಾಗಾದರೆ ಗಿಡ ಕಡಿಯಬೇಕಾ ಎಂದು ಕೇಳುತ್ತಾರೆ. ಮರಿ ನಾಯಿ ಇರುವ ಮನೆಯಲ್ಲಿ ಕುಂಡದ ಸೈಕಸ್ ಬೇಡವೇ ಬೇಡ, ಏಕೆಂದರೆ ಮರಿ ಎಲೆ, ಬೇರು ಎಲ್ಲವನ್ನೂ ಕಡಿಯುತ್ತದೆ. ದೊಡ್ಡ ನಾಯಿ ಇರುವಲ್ಲಿ ಸುತ್ತ ಬೇಲಿ ಹಾಕಿಸುತ್ತೇನೆ. ಹೆಣ್ಣು ಗಿಡವಾದರೆ ಬೀಜ ಕೆಂಪಾಗುವ ಮೊದಲೇ ಗ್ಲೌಸ್ ಹಾಕಿಕೊಂಡು ನಡುವಿನ ಗೊಂಚಲನ್ನು ಕತ್ತರಿಸಿ, ನಾಯಿ ಅಗೆಯಲಾರದಷ್ಟು ಆಳಕ್ಕೆ ಹೂಳಲು ಹೇಳುತ್ತೇನೆ. ಗುಡ್ಡೆಯ ಈಂದಿಗೆ ಮಾತ್ರ ಕತ್ತಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಅಳಿವಿನಂಚಿನ ಪಟ್ಟಿಯಲ್ಲಿರುವ ಮರ. ಬೀಜ ಬೀಳುವ ಕಾಲದಲ್ಲಿ ನಾಯಿಯನ್ನು ಆ ಕಡೆ ಬಿಡದಿದ್ದರೆ ಸಾಕು.