ನನ್ನ ಅನುಭವ: ಮಗನ ಓಟಿಗೋಸ್ಕರ ಮಂಡ್ಯದಿಂದ ಮೈಸೂರಿಗೆ ಓಡಾಡಿದ್ದು

ಮಗೂನ ಓಟಿಗೆ ಕರ್ಕೊಂಡು ಹೋಗ್ಬೇಕಂತೆ ಅಂದ ತಕ್ಷಣ ನಮ್ಮತ್ತೆ ಕೈಲಿದ್ದ ಮೊರ ಕೆಳಗಿಟ್ಟು "ಅಯ್ಯೋ, ಆಪರೇಷನ್ನೇನವ್ವ?" ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ್ರು. ಅವರದ್ದೇನೂ ತಪ್ಪಿಲ್ಲ, ನಮ್ ಕಡೆ ಓಟಿ ಅಂದ್ರೆ ಆಪರೇಷನ್ ಥಿಯೇಟ್ರೇ. ಆಕ್ಯುಪೇಷನಲ್ ಥೆರಪಿ ಅಂತ ಒಂದಿದೆ ಅನ್ನೋದು ನಂಗೂ ಅದೇ ವಾರ ಗೊತ್ತಾಗಿದ್ದು. ಮಗು ದಿನಾ ಮಾಡೋ ಕೆಲಸ, ಅಂದ್ರೆ ಉಣ್ಣೋದು, ಬಟ್ಟೆ ಹಾಕ್ಕೊಳ್ಳೋದು, ಒಂದ್ಕಡೆ ಕೂರೋದು, ಆಡೋದು, ಇದನ್ನೆಲ್ಲ ತಾನೇ ಮಾಡೋ ಹಾಗೆ ಕೈ, ಮೈ, ಮನಸ್ಸು ಮೂರನ್ನೂ ತಯಾರು ಮಾಡೋದು, ಅಷ್ಟೇ ಅದು.

ಆಗ ನನ್ ಮಗನಿಗೆ ಮೂರೂವರೆ ವರ್ಷ. ಮಿಕ್ಸಿ ಹಾಕಿದ್ರೆ ಕಿವಿ ಮುಚ್ಕೊಂಡು ಹಿತ್ತಲಿಗೆ ಓಡೋನು. ಜಗಲಿಯಿಂದ ದಿನಕ್ಕೆ ನೂರು ಸಲ ಹಾರೋನು, ಬಿದ್ರೂ ಅಳ್ತಿರಲಿಲ್ಲ, ಆದ್ರೆ ಅಂಗಿ ಒಳಗಿನ ಲೇಬಲ್ ಕುತ್ತಿಗೆಗೆ ತಾಗಿದ್ರೆ ಒಂದು ಗಂಟೆ ಅಳೋನು. ಮಂಡ್ಯದ ಮನೇಲಿ ಹುಟ್ಟಿ ಮುದ್ದೆ ಮುಟ್ತಿರಲಿಲ್ಲ, ಬೆರಳಿಗೆ ಒಂಚೂರು ಅಂಟಿದ್ರೆ ವಾಂತಿ ಬರೋ ಹಾಗೆ ಓಕರಿಸೋನು. ಹಠ ಅಂದ್ರು, ಮುದ್ದು ಜಾಸ್ತಿ ಆಯ್ತು ಅಂದ್ರು. ನಾನೂ ಎರಡು ಸಲ ಹೊಡೆದಿದ್ದೀನಿ, ಅದು ಈಗ್ಲೂ ನೆನಪಾದ್ರೆ ಹೊಟ್ಟೆ ಕಿವುಚತ್ತೆ.

ಅಂಗನವಾಡಿಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಟೀಮ್ ಬಂದಾಗ ಅವರೇ ಮೊದಲು ಆಟಿಸಂ ಇರ್ಬೋದು ಅಂತ ಅನುಮಾನ ಪಟ್ಟು ಚೀಟಿ ಬರ್ದುಕೊಟ್ಟಿದ್ದು. ಆಟಿಸಂ ಅಂದ್ರೆ ಮಿದುಳು ಬೆಳೆಯೋ ರೀತೀಲೇ ಇರೋ ವ್ಯತ್ಯಾಸ, ಜನರ ಜೊತೆ ಬೆರೆಯೋದು, ಮಾತು, ಸದ್ದು ಸ್ಪರ್ಶ ತಗೊಳ್ಳೋ ರೀತಿ ಬೇರೆ ಥರ ಇರತ್ತೆ. 2013ರಲ್ಲಿ ಶುರುವಾದ ಸ್ಕೀಮ್ ಇದು, ಹುಟ್ಟಿದ ಮಗುವಿಂದ 18 ವರ್ಷದವರೆಗೂ ಉಚಿತವಾಗಿ ತಪಾಸಣೆ ಮಾಡ್ತಾರೆ. ಅಲ್ಲಿಂದ ಮೈಸೂರಿನ ಮಾನಸಗಂಗೋತ್ರೀಲಿರೋ ಐಶ್‌ಗೆ, ಅಂದ್ರೆ ನಮ್ಮೋರು ಸ್ಪೀಚ್ ಅಂಡ್ ಹಿಯರಿಂಗ್ ಅಂತಾರಲ್ಲ ಅಲ್ಲಿಗೆ ಹೋದ್ವಿ. ಹೆಸರು ನೋಡಿ ಕಿವಿ ಕೇಳ್ಸದೆ ಇರೋರಿಗೆ, ಮಾತು ಬರದೆ ಇರೋರಿಗೆ ಮಾತ್ರ ಅನ್ಕೋಬೇಡಿ, ಆಟಿಸಂ ಮಕ್ಕಳಿಗೂ ಅಸೆಸ್‌ಮೆಂಟ್, ಸ್ಪೀಚ್ ಥೆರಪಿ, ಓಟಿ ಎಲ್ಲ ಒಂದೇ ಕ್ಯಾಂಪಸ್ಸಲ್ಲಿ ಸಿಗತ್ತೆ. ಒಂದೇ ದಿನದಲ್ಲಿ ಮುಗಿಯಲ್ಲ. ಬೆಳಗಿನ ರೈಲಿಗೇ ಹೊರಡಿ, ಮಗು ತಿನ್ನೋ ಊಟ ಮನೆಯಿಂದಲೇ ಕಟ್ಕೊಳ್ಳಿ, ಇನ್ನೊಂದು ಮುಖ್ಯವಾದ್ದು ಅಂದ್ರೆ ಮನೇಲಿ ಮಗು ಹೆಂಗಿರತ್ತೆ ಅಂತ ಫೋನಲ್ಲಿ ನಾಲ್ಕೈದು ಚಿಕ್ಕ ವಿಡಿಯೋ ಮಾಡ್ಕೊಂಡು ಹೋಗಿ, ಯಾಕಂದ್ರೆ ಹೊಸ ಜಾಗದಲ್ಲಿ ನನ್ ಮಗ ಮೂಲೇಲಿ ಸುಮ್ನೆ ಕೂತ್ಬಿಟ್ಟ, ಆ ವಿಡಿಯೋ ಇಲ್ದಿದ್ರೆ ಅವರಿಗೆ ಏನೂ ತಿಳೀತಿರಲಿಲ್ಲ. ಐಎಸ್‌ಎಎ ಅನ್ನೋ ನಮ್ಮ ದೇಶದ್ದೇ ಸ್ಕೇಲ್ ಇಟ್ಕೊಂಡು 40 ವಿಷಯ ಒಂದೊಂದಾಗಿ ಕೇಳಿ ನೋಡಿ ಅಂಕ ಹಾಕ್ತಾರೆ. 70ಕ್ಕಿಂತ ಕಮ್ಮಿ ಇದ್ರೆ ಆಟಿಸಂ ಅಲ್ಲ, 107ರಿಂದ 153 ಅಂದ್ರೆ ಮಧ್ಯಮ. ನನ್ ಮಗನಿಗೆ 112 ಬಂತು, ಅಂದ್ರೆ ಮಧ್ಯಮ ಆಟಿಸಂ.

ವಾರಕ್ಕೊಂದು ಸಲ ಹೋಗ್ತಿದ್ದಿದ್ದು ಸಾಲಲ್ಲ ಅನ್ನಿಸಿ ಮೈಸೂರಲ್ಲೇ ಪ್ರೈವೇಟಾಗಿ ಒಂದು ಸೆಂಟರ್ ಹುಡುಕಿದ್ವಿ. ಇಲ್ಲೇ ನಾನು ಎಡವಿದ್ದು. ಬಣ್ಣ ಬಣ್ಣದ ಉಯ್ಯಾಲೆ, ದೊಡ್ಡ ದೊಡ್ಡ ಬಾಲ್ ನೋಡಿ ಫೀಸ್ ಕಟ್ಬಿಟ್ಟೆ. ಮಗನ್ನ ಒಳಗೆ ಕರ್ಕೊಂಡು ಬಾಗಿಲು ಹಾಕೋರು, ಮುಕ್ಕಾಲು ಗಂಟೆ ಅವನು ಅಳೋ ಸದ್ದು ಕೇಳ್ಕೊಂಡು ನಾನು ಹೊರಗಡೆ ಬೆಂಚ್ ಮೇಲೆ. ಏನು ಮಾಡಿಸಿದ್ರಿ ಅಂದ್ರೆ "ಸೆನ್ಸರಿ ಮಾಡಿಸಿದ್ವಿ ಮೇಡಂ" ಅಷ್ಟೇ ಉತ್ತರ. ಆರು ತಿಂಗಳಲ್ಲಿ ನಾರ್ಮಲ್ ಮಾಡ್ತೀವಿ ಅಂತ ಬೇರೆ ಹೇಳಿದ್ರು. ಎರಡು ತಿಂಗಳಾದ್ಮೇಲೆ ಗೊತ್ತಾಯ್ತು, ಥೆರಪಿ ಮಾಡಿಸ್ತಿದ್ದೋರು ಓಟಿ ಓದೇ ಇರಲಿಲ್ಲ, ಯಾವುದೋ ಕೆಲವು ವಾರದ ಕೋರ್ಸ್ ಮಾಡಿದ್ರು. ಅವತ್ತೇ ಬಿಡಿಸಿದೆ.

ಅದಕ್ಕೇ ಹೇಳ್ತಿದ್ದೀನಿ, ಮೊದಲು ಥೆರಪಿಸ್ಟ್ ಏನು ಓದಿದ್ದಾರೆ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ. ಬಿಓಟಿ ಅಂದ್ರೆ ಇಂಟರ್ನ್‌ಶಿಪ್ಪೂ ಸೇರಿ ನಾಲ್ಕು ವರ್ಷಕ್ಕಿಂತ ಜಾಸ್ತಿ ಓದೋ ಓಟಿ ಡಿಗ್ರಿ, ಕೆಲವರು ಮೇಲೆ ಎಂಓಟೀನೂ ಮಾಡಿರ್ತಾರೆ. ಸ್ಪೀಚ್ ಥೆರಪಿಸ್ಟ್‌ಗೆ, ಸ್ಪೆಷಲ್ ಎಜುಕೇಟರ್‌ಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಇರ್ಬೇಕು, ಓಟಿ ಅವರದ್ದು ಅದ್ರಲ್ಲಿ ಬರಲ್ಲ, ಅವರಿಗೆ ಎಐಓಟಿಎ ಅಂತ ಬೇರೆ ಸಂಘ ಇದೆ, ಅದ್ರಲ್ಲಿ ಮೆಂಬರಾ ಅಂತ ಕೇಳ್ಬೋದು. ಆಮೇಲೆ, ಒಳಗೆ ನಾನೂ ಕೂರ್ಬೋದಾ ಅಂತ ಕೇಳಿ. ಬೇಡ ಅಂದ್ರೆ, ಯಾಕೆ ಬೇಡ ಅಂತ ಸರಿಯಾಗಿ ಹೇಳದೇ ಇದ್ರೆ, ಎದ್ದು ಬನ್ನಿ. ಆಟಿಸಂ ವಾಸಿ ಮಾಡ್ತೀವಿ ಅನ್ನೋರ ಹತ್ರ ಅಂತೂ ಹೋಗ್ಲೇಬೇಡಿ, ಇದು ಜ್ವರ ಅಲ್ಲ ಬಿಟ್ಟು ಹೋಗೋಕೆ, ಮಗು ಇರೋದೇ ಹಂಗೆ, ಅದರ ದಿನ ಸುಲಭ ಮಾಡೋಕೆ ನಾವು ಓಡಾಡ್ತಿರೋದು.

ಎರಡನೇ ಸಲ ಹುಡುಕಿದಾಗ ಸಿಕ್ಕಿದ ಓಟಿ ಮೇಡಂ ಮೊದಲ ದಿನ ಮಗನ್ನ ಮುಟ್ಟಲೇ ಇಲ್ಲ. ಬೆಳಗ್ಗೆ ಏಳೋದ್ರಿಂದ ರಾತ್ರಿ ಮಲ್ಗೋವರೆಗೂ ಏನೇನಾಗತ್ತೆ ಹೇಳಮ್ಮ ಅಂತ ನನ್ನ ಕೂರಿಸ್ಕೊಂಡು ಬರ್ಕೊಂಡ್ರು. ಆಮೇಲೆ ಬಿಡಿಸಿ ಹೇಳಿದ್ರು, ಇವನಿಗೆ ಚರ್ಮಕ್ಕೆ ತಾಗೋದು, ಕಿವಿಗೆ ಬೀಳೋದು ಜಾಸ್ತಿ ಅನ್ನಿಸ್ತಿದೆ, ಆದ್ರೆ ಕೀಲು ಸ್ನಾಯು ಮೂಳೆಯಿಂದ ಬರ್ಬೇಕಾದ ಸುದ್ದಿ ಸಾಲ್ತಿಲ್ಲ, ಅದಕ್ಕೇ ಹಾರಿ ಹಾರಿ ತಾನೇ ಹುಡುಕ್ಕೊತಿದ್ದಾನೆ ಅಂತ. ಜಗಲಿಯಿಂದ ಹಾರೋದಕ್ಕೆ ಒಂದು ಕಾರಣ ಇದೆ ಅಂತ ಕೇಳಿದ ದಿನ ರೈಲಲ್ಲಿ ವಾಪಸ್ ಬರ್ತಾ ಅವನ್ನ ಮಡಿಲಲ್ಲಿ ಅಪ್ಪಿ ಹಿಡ್ಕೊಂಡು ಶ್ರೀರಂಗಪಟ್ಟಣ ದಾಟೋವರೆಗೂ ಅತ್ತಿದ್ದೀನಿ.

ಗುರಿ ಕೂಡ ಚಿಕ್ಕದು ಇಟ್ರು, ಮೂರು ತಿಂಗಳಲ್ಲಿ ಚಮಚದಲ್ಲಿ ತಾನೇ ಐದು ತುತ್ತು ತಿನ್ಬೇಕು ಅಂತ. ಉಳಿದಿದ್ದೆಲ್ಲ ಮನೇಲಿ ನಾವು ಮಾಡೋದು. ತೊಟ್ಟಿಲು ಕಟ್ಟೋ ಕೊಕ್ಕೆಗೆ ಅತ್ತೆಯ ಹಳೇ ಹತ್ತಿ ಸೀರೆ ಜೋಲಿ ಕಟ್ಟಿ ಹತ್ತು ನಿಮಿಷ ಹಿಂದೆ ಮುಂದೆ ನಿಧಾನಕ್ಕೆ ತೂಗೋದು, ಗಿರಗಿರ ತಿರುಗಿಸ್ಬಾರ್ದು, ಮುಖ ಬಿಳಿಚಿಕೊಂಡ್ರೆ, ಬೆವರಿದ್ರೆ ತಕ್ಷಣ ನಿಲ್ಸೋದು. ಅದಾದ್ಮೇಲೆ ಭಾರದ ಕೆಲಸ, ನಲ್ಲಿಯಿಂದ ತುಳಸಿಕಟ್ಟೆಗೆ ನೀರಿನ ಬಾಟ್ಲು ಹೊರೋದು, ಪ್ಲಾಸ್ಟಿಕ್ ಕುರ್ಚಿ ತಳ್ಳೋದು. ಇದಿಷ್ಟು ಮುಗಿಸಿ ಕೂರ್ಸಿದ್ರೆ ಆಮೇಲಿನ ಕಾಲು ಗಂಟೆ ಕೈ ಕೆಲಸಕ್ಕೆ ಕೂರ್ತಾನೆ, ಮೊದ್ಲೇ ಕೂರ್ಸಿದ್ರೆ ಕೂರಲ್ಲ, ಈ ಕ್ರಮ ತಪ್ಪಿಸ್ಬೇಡಿ.

ಮುಟ್ಟೋದು ಅಭ್ಯಾಸ ಮಾಡ್ಸೋಕೆ ಮೊದಲು ಒಣ ರಾಗಿ ತಗೊಂಡ್ವಿ. ಅಗಲವಾದ ತಟ್ಟೇಲಿ ಹಾಕಿ ಅದರೊಳಗೆ ಅವನಿಗಿಷ್ಟವಾದ ಪುಟ್ಟ ಬಸ್ಸು ಮುಚ್ಚಿಡ್ತಿದ್ದೆ, ಬೇಕಾದ್ರೆ ತಾನೇ ಕೈ ಹಾಕ್ಬೇಕು, ನಾನು ಕೈ ಹಿಡಿದು ಅದ್ದಲ್ಲ. ಮೊದಲ ವಾರ ಚಮಚದಲ್ಲಿ ಕೆದಕ್ದ, ಎರಡನೇ ವಾರ ಒಂದು ಬೆರಳು. ಧನುರ್ಮಾಸಕ್ಕೆ ಅವರೆಕಾಯಿ ಬಂತು. ನೆನೆಸಿದ ಕಾಳು ಹಿತುಕ್ತಾ ಕೂತಿದ್ದ ಅತ್ತೆ ಪಕ್ಕಕ್ಕೆ ಬಂದು ನೋಡ್ತಾ ನಿಂತ. ಹೆಬ್ಬೆರಳು ತೋರು ಬೆರಳು ಮಧ್ಯೆ ಒತ್ತಿದ್ರೆ ಕಾಳು ಸಿಪ್ಪೆಯಿಂದ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳತ್ತಲ್ಲ, ಅದು ಅವನಿಗೆ ಹಿಡಿಸ್ಬಿಡ್ತು. ಆ ಲೋಳೆ ಲೋಳೆ ಕಾಳು ಮುಟ್ಟಿದ! ಒಂದು, ಒರೆಸ್ಕೊಂಡ, ಇನ್ನೊಂದು, ಒರೆಸ್ಕೊಂಡ. ಅತ್ತೆ ಮಾತಾಡದೇ ಒಂದು ಒಣಬಟ್ಟೆ ಅವನ ತೊಡೆ ಮೇಲೆ ಹಾಕಿದ್ರು. ವಿಡಿಯೋ ತೋರ್ಸಿದ್ರೆ ಮೇಡಂ, ಬೆರಳಿಗೆ ಹಿಡಿತ ಬರೋಕೆ ಇದಕ್ಕಿಂತ ಒಳ್ಳೇದು ನನ್ ಸೆಂಟರಲ್ಲೂ ಇಲ್ಲಮ್ಮ ಅಂದ್ರು. ಕಾಳು ಬಾಯಿಗೆ ಮೂಗಿಗೆ ಹಾಕ್ಕೊಳ್ಳೋ ಮಕ್ಕಳಾದ್ರೆ ಪಕ್ಕ ಬಿಟ್ಟು ಏಳ್ಬೇಡಿ ಮತ್ತೆ.

ಕಟಿಂಗ್ ದೊಡ್ಡ ಯುದ್ಧ ಆಗಿತ್ತು. ಬೀದಿಯ ಕಟಿಂಗ್ ಶಾಪಿನ ಅಣ್ಣನಿಗೆ ವಿಷಯ ಹೇಳಿದ್ದಕ್ಕೆ, ಮಂಗಳವಾರ ರಜಾ ಅಲ್ವೇನಕ್ಕ, ಅವತ್ತು ಬನ್ನಿ, ಟಿವಿ ಇರಲ್ಲ ಜನ ಇರಲ್ಲ ಅಂದ್ರು. ಮೆಷಿನ್ ಬೇಡ, ಕತ್ತರಿ ಮಾತ್ರ, ಅದಕ್ಕೂ ಮುಂಚೆ ನಾನು ತಲೆ, ಭುಜ ಎರಡು ನಿಮಿಷ ಗಟ್ಟಿಯಾಗಿ ಒತ್ತೋದು. ಮಂಗಳವಾರ ಕೂದಲು ತೆಗೆಸ್ಬಾರ್ದು ಅಂತ ಶಾಸ್ತ್ರ ಹೇಳೋ ನಮ್ಮತ್ತೇನೇ ಜೊತೆಗೆ ಬಂದು ಬಾಗಿಲಲ್ಲಿ ಕೂತಿದ್ರು. ಅಳ್ದೇ ಮುಗೀತು.

ದುಡ್ಡಿನ ವಿಷಯ ಬೇಗ ಹೇಳ್ಬಿಡ್ತೀನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ಅಂಗವೈಕಲ್ಯಗಳ ಪಟ್ಟೀಲಿ ಆಟಿಸಂ ಇದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡ್ಸಿ, ಕಾರ್ಡ್ ಮಾಡ್ಸಿದ್ರೆ ಮಗೂಗೆ ಹಣೆಪಟ್ಟಿ ಅಂತ ನಮ್ಮನೆಯವರು ಒಂದು ವರ್ಷ ತಡ ಮಾಡಿದ್ರು, ಆ ವರ್ಷ ಸುಮ್ನೆ ಹೋಯ್ತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅಂತ ಹೆಲ್ತ್ ಇನ್ಶೂರೆನ್ಸ್ ಇದೆ, ವರ್ಷಕ್ಕೆ 1 ಲಕ್ಷದವರೆಗೆ, ಅದ್ರಲ್ಲಿ ಥೆರಪಿಗೂ ಒಂದು ಪಾಲು ಇದೆ. ಹಾಗಾಗಿ ಪ್ರತಿ ಸೆಷನ್ನಿಗೂ ಸೀಲ್ ಸಹಿ ಇರೋ ಬಿಲ್ ಇಸ್ಕೊಂಡು ಒಂದೇ ಫೈಲಲ್ಲಿ ಇಡಿ.

ಈಗ ಅವನಿಗೆ ಐದೂವರೆ ವರ್ಷ. ಚಮಚದಲ್ಲಿ ಅನ್ನ ಸಾರು ತಾನೇ ತಿಂತಾನೆ, ಮುದ್ದೆ ನಾವು ಮುರಿದು ಸಾರಲ್ಲಿ ಅದ್ದಿಕೊಟ್ರೆ ನುಂಗ್ತಾನೆ, ಕೈಲಿ ಇನ್ನೂ ಮುಟ್ಟಲ್ಲ. ಮಿಕ್ಸಿ ಹಾಕೋ ಮುಂಚೆ ಹೇಳಿದ್ರೆ ತಾನೇ ಕಿವಿ ಮುಚ್ಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿರ್ತಾನೆ, ಓಡಲ್ಲ. ಉಗುರು ಮಾತ್ರ ಇವತ್ತಿಗೂ ಅವನು ನಿದ್ದೆ ಮಾಡ್ವಾಗ ಮೊಬೈಲ್ ಟಾರ್ಚ್ ಹಾಕ್ಕೊಂಡು ತೆಗೀತೀನಿ, ಮುಂದಿನ ಮೂರು ತಿಂಗಳ ಗುರಿ ಅದೇ ಅಂತ ಮೇಡಂ ಫೈಲಲ್ಲಿ ಬರ್ದಿದ್ದಾರೆ.