ತನಿಖೆಯ ಅನುಭವದಿಂದ ಅಮೂರ್ತ ಚಿತ್ರ ರಚಿಸುವ ಬಗೆ

ಬಳ್ಳಾರಿ ಸೀಮೆಯಲ್ಲಿ ಪೊಲೀಸ್, ಗಣಿ ಅಥವಾ ಅರಣ್ಯ ಇಲಾಖೆಯಲ್ಲಿ ಇಲ್ಲವೇ ಪತ್ರಿಕೆಯಲ್ಲಿ ತನಿಖೆಯ ಕೆಲಸ ಮಾಡಿ, ನಿವೃತ್ತಿಯ ನಂತರ ಕುಂಚ ಹಿಡಿದವರಿಗೆ ಅಗೆದ ಗುಡ್ಡವನ್ನೂ ಅದಿರಿನ ಲಾರಿಗಳನ್ನೂ ಬರೆಯುವ ಆಸೆಯಾಗುವುದು ಸಹಜ. ಆದರೆ ಅಕ್ರಮ ಗಣಿಗಾರಿಕೆಯ ಕುರಿತು ಹೇಳಬೇಕಾದುದನ್ನು ಲೋಕಾಯುಕ್ತದ 2008 ಮತ್ತು 2011ರ ವರದಿಗಳು ಹೇಳಿವೆ. ಚಿತ್ರ ಅದನ್ನೇ ಮತ್ತೆ ಹೇಳಬೇಕಾಗಿಲ್ಲ. ವಸ್ತುವಿನ ಯಥಾರೂಪವನ್ನು ತೋರದೆ ಗೆರೆ, ಬಣ್ಣಗಳಿಂದಲೇ ಹೇಳುವ ಅಮೂರ್ತ ಚಿತ್ರಕ್ಕೆ ಬೇಕಾದದ್ದು ಘಟನೆಯಲ್ಲ, ವರ್ಷಗಟ್ಟಲೆ ತನಿಖೆ ಮಾಡಿದ ಕಣ್ಣು ರೂಢಿಸಿಕೊಂಡ ನೋಟದ ಕ್ರಮ.

ಸ್ಥಳ ಮಹಜರಿನ, ಅಂದರೆ ಘಟನೆ ನಡೆದ ಜಾಗವನ್ನು ನೋಡಿ ಬರೆದ ದಾಖಲೆಯ, ಕೈನಕ್ಷೆಯಿಂದ ಆರಂಭಿಸಿರಿ. ಕಡತದ ಪ್ರತಿಯನ್ನು ಮುಂದಿಟ್ಟುಕೊಳ್ಳದೆ, ಉತ್ತರ ದಿಕ್ಕು, ಕದಲದ ಒಂದು ಗುರುತು, ಅಲ್ಲಿಂದ ಅಳೆದ ದೂರಗಳು ಇಷ್ಟನ್ನೇ ನೆನಪಿನಿಂದ ಕಾಗದದ ಮೇಲೆ ಹಾಕಿರಿ. ಹೆಸರು, ವಾಹನದ ಸಂಖ್ಯೆ, ಸರ್ವೆ ನಂಬರು ಯಾವುದೂ ಬೇಡ. ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿರುವ ಪ್ರಕರಣವನ್ನಂತೂ ಮುಟ್ಟಲೇಬಾರದು. ಉಳಿದ ದೂರಗಳನ್ನು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಕ್ಯಾನ್‌ವಾಸಿಗೆ ಇಳಿಸಿದರೆ ಚಿತ್ರದ ಅಸ್ಥಿಪಂಜರ ಸಿದ್ಧವಾಗುತ್ತದೆ.

ಬಣ್ಣವನ್ನು ಈ ನೆಲದಿಂದಲೇ ಮಾಡಿಕೊಳ್ಳಬಹುದು. ಗಣಿ ಪ್ರದೇಶದ ಅದಿರಿಗೆ ಕೈಹಾಕದೆ, ಹೊಲದವರನ್ನು ಕೇಳಿ ಬದುವಿನ ಒಂದು ಬೊಗಸೆ ಕೆಂಪು ಮಣ್ಣನ್ನು ತಂದರೆ ಸಾಕು. ಅದನ್ನು ಬಕೆಟ್ ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಕೂಡಲೇ ಮೇಲಿನ ಕೆಂಪು ನೀರನ್ನು ತೆಳು ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಸೋಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿಳಿನೀರನ್ನು ಬಸಿದು, ತಳದ ಕೆಸರನ್ನು ನೆರಳಿನಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನುಣ್ಣಗೆ ಅರೆಯಿರಿ. ಕ್ಯಾನ್‌ವಾಸಿಗಾದರೆ ಅಕ್ರಿಲಿಕ್ ಮೀಡಿಯಂ ಎಂಬ ಅಂಟುದ್ರವ, ಕಾಗದಕ್ಕಾದರೆ ಗೋಂದಿನ ನೀರು ಬೆರೆಸಬೇಕು. ಒಣಗಿದ ಬಣ್ಣ ಬೆರಳಿಗೆ ಅಂಟಿದರೆ ಅಂಟು ಸಾಲದೆಂದು ತಿಳಿಯಬೇಕು. ಈ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದವರು ಬರೆದ ಕೆಂಪು ಚಿತ್ರಗಳನ್ನು ಇಂದಿಗೂ ನೋಡಬಹುದು.

ಇನ್ನು ಪದರಗಳು. ನನ್ನ ಮಟ್ಟಿಗೆ ಈ ಕಲೆಯ ಜೀವವಿರುವುದು ಇಲ್ಲಿಯೇ. ಒಂದೇ ಸಂಗತಿಯ ಬಗ್ಗೆ ಇಬ್ಬರು ಸಾಕ್ಷಿಗಳು ಕೊಟ್ಟ ಹೇಳಿಕೆಗಳನ್ನು ನೆನೆದು, ಮೊದಲನೆಯದಕ್ಕೆ ತೆಳುವಾದ ಕೆಂಪನ್ನೂ ಅದು ಪೂರ್ತಿ ಒಣಗಿದ ಮೇಲೆ ಎರಡನೆಯದಕ್ಕೆ ಬೂದುಬಣ್ಣವನ್ನೂ ಹಚ್ಚಿರಿ. ಬೂದು ಇನ್ನೂ ಹಸಿಯಿರುವಾಗಲೇ, ಇಬ್ಬರ ಮಾತೂ ಕೂಡುವ ಕಡೆ ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ, ಹಚ್ಚುವ ಮೊಂಡು ಚಾಕು) ಕೆರೆದು ಕೆಳಗಿನ ಕೆಂಪು ಕಾಣುವಂತೆ ಮಾಡಿರಿ. ಮಾತು ಬೇರೆಯಾಗುವ ಕಡೆ ಇನ್ನೊಂದು ಪದರವೇರಿಸಿರಿ. ಯಾರೂ ಏನನ್ನೂ ಹೇಳದ ಜಾಗವನ್ನು ಮಾತ್ರ, ಅಂದಕ್ಕೆ ಕೊರತೆಯೆನಿಸಿದರೂ, ಖಾಲಿ ಬಿಡಬೇಕು. ಊಹೆಯಿಂದ ತುಂಬುವುದು ಮಹಜರಿನಲ್ಲಿ ಹೇಗೆ ತಪ್ಪೋ ಇಲ್ಲಿಯೂ ಹಾಗೆಯೇ ತಪ್ಪು. ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು ಪದರಗಳಲ್ಲಿ ದುಡಿದ ಭಾರತೀಯ ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆ (1924–2001) ಅವರ ಕೃತಿಗಳನ್ನು ಸಾವಕಾಶವಾಗಿ ನೋಡಿದರೆ, ಎಷ್ಟು ಹಚ್ಚಬೇಕು, ಎಷ್ಟು ತೆಗೆಯಬೇಕು ಎಂಬುದರ ಅಂದಾಜು ಸಿಗುತ್ತದೆ.

ಶೀರ್ಷಿಕೆಯಲ್ಲಿ ಪ್ರಕರಣದ ಸಂಖ್ಯೆಯಾಗಲಿ ಊರಿನ ಹೆಸರಾಗಲಿ ಇರಕೂಡದು. ಪ್ರದರ್ಶನಕ್ಕೆ ಬಂದವರು ಕೇಳಿದರೆ ನಿಮ್ಮ ಹಿಂದಿನ ವೃತ್ತಿಯನ್ನು ಹೇಳಿರಿ, ಪ್ರಕರಣವನ್ನು ಹೇಳಬೇಡಿರಿ. ನೊಂದವರ ಮನೆಯವರೇ ಆ ಗುಂಪಿನಲ್ಲಿ ನಿಂತಿರಬಹುದು.